ಝೀರೋ ನಿಲ್ಲದ ಸ್ಕೋಪ್, ಟೇಪ್ ಸುತ್ತಿದ ಟರೆಟ್

ಭಾನುವಾರ ಬೆಳಿಗ್ಗೆ 25 ಮೀಟರ್ ದೂರದ ಹಾಳೆಯಲ್ಲಿ ನನ್ನ ಏರ್ ರೈಫಲ್‌ನ ಐದು ಪೆಲೆಟ್ (ಸಣ್ಣ ಗುಂಡು) ಬಿದ್ದಿದ್ದವು. ಒಂದು ನಾಣ್ಯ ಇಟ್ಟರೆ ಐದೂ ಮುಚ್ಚಿಹೋಗುವಷ್ಟು ಹತ್ತಿರ, ಸರಿಯಾಗಿ ನಡುವೆ. ಸ್ಕೋಪ್‌ನಲ್ಲಿ ಗುರಿಯಿಟ್ಟ ಜಾಗಕ್ಕೇ ಪೆಲೆಟ್ ಬೀಳುತ್ತಿತ್ತು, ಇದನ್ನೇ ಝೀರೋ ಅನ್ನುತ್ತೇವೆ. ಖುಷಿಯಲ್ಲಿ ಟರೆಟ್‌ಗೆ, ಅಂದರೆ ಗುರಿ ಹೊಂದಿಸುವ ಸ್ಕೋಪ್‌ನ ತಿರುಪಿಗೆ, ಮುಚ್ಚಳ ಹಾಕಿ ಮನೆಗೆ ಬಂದೆ. ಮುಂದಿನ ಭಾನುವಾರ ಅದೇ ರೈಫಲ್, ಅದೇ ಡಬ್ಬಿಯ ಪೆಲೆಟ್, ಅದೇ ಮೇಜು. ಐದು ತೂತು ಮತ್ತೆ ಅಷ್ಟೇ ಹತ್ತಿರ ಬಿದ್ದವು. ಆದರೆ ಇಡೀ ಗುಂಪು 3 ಸೆಂಟಿಮೀಟರ್ ಕೆಳಗೆ, ಕೂದಲೆಳೆಯಷ್ಟು ಬಲಕ್ಕೆ ಹೋಗಿತ್ತು.

ನನ್ನದು ಬ್ಯಾರೆಲ್ ಮಡಚಿ ಪೆಲೆಟ್ ತುಂಬುವ ಸ್ಪ್ರಿಂಗ್ ಏರ್ ರೈಫಲ್, .177 ಕ್ಯಾಲಿಬರ್. ಅದರ ಮೇಲೆ 25.4 ಮಿಲಿಮೀಟರ್ ಕೊಳವೆಯ ಸಾಧಾರಣ ಸ್ಕೋಪ್. ಟರೆಟ್ ಒಂದು ಹೆಜ್ಜೆ ತಿರುಗಿದರೆ ಒಂದು ಕ್ಲಿಕ್, ಅದು ಕಾಲು ಎಂಒಎ (ಎಂಒಎ ಕೋನದ ಅಳತೆ, ಒಂದು ಡಿಗ್ರಿಯ ಅರವತ್ತನೇ ಒಂದು ಭಾಗ). ಅಂದರೆ 100 ಮೀಟರ್‌ನಲ್ಲಿ ಒಂದು ಕ್ಲಿಕ್‌ಗೆ ಸುಮಾರು 7 ಮಿಲಿಮೀಟರ್, 25 ಮೀಟರ್‌ನಲ್ಲಿ 2 ಮಿಲಿಮೀಟರ್‌ಗೂ ಕಡಿಮೆ. ಲೆಕ್ಕ ಹಾಕಿದೆ. ಮೂರು ಸೆಂಟಿಮೀಟರ್‌ಗೆ 16 ಕ್ಲಿಕ್. ಮೇಲಕ್ಕೆ ತಿರುಗಿಸಿದೆ, ಗುಂಪು ನಡುವೆ ಬಂತು. ಕೆಲಸ ಮುಗಿಯಿತು ಅಂದುಕೊಂಡೆ.

ಅದಾದ ಮೇಲಿನ ವಾರ ಗುಂಪು ಮೇಲಕ್ಕೆ ಹೋಗಿತ್ತು. 9 ಕ್ಲಿಕ್ ಕೆಳಗೆ ಇಳಿಸಿದೆ. ಅವತ್ತೇ ಮೂವತ್ತು ಪೆಲೆಟ್ ಆಗುವಷ್ಟರಲ್ಲಿ ಮತ್ತೆ ಕೆಳಗೆ. 12 ಕ್ಲಿಕ್ ಮೇಲೆ. ಆಮೇಲೆ ಇನ್ನೂ 8 ಮೇಲೆ. ಇದನ್ನೆಲ್ಲ ನೋಟ್‌ಬುಕ್‌ನಲ್ಲಿ ಬರೆದಿಟ್ಟಿದ್ದೆ. ಆ ಅಂಕಿಗಳೇ ಕೊನೆಗೆ ದಾರಿ ತೋರಿಸಿದವು. ಆದರೆ ಬರೆಯುವಾಗ ಅವುಗಳಲ್ಲಿ ನನಗೆ ಏನೂ ಕಾಣಿಸಲಿಲ್ಲ.

ಕ್ಲಬ್‌ನಲ್ಲಿ ನಮಗೆ ಹೇಳಿಕೊಡುವ ಹಿರಿಯರು ಒಬ್ಬರಿದ್ದಾರೆ. ನಾಲ್ಕನೇ ಸಲ ಮುಚ್ಚಳ ಬಿಚ್ಚುವಾಗ ಹಿಂದೆ ಬಂದು ನಿಂತಿದ್ದರು.

"ಏನಮ್ಮಾ, ಮತ್ತೆ ಟರೆಟ್ ಮುಟ್ಟಿದ್ಯಾ?"

"ಹೂಂ ಸರ್, ಕೆಳಗೆ ಹೋಗಿತ್ತು."

"ಯಾಕೆ ಹೋಯ್ತು ಅಂತ ಗೊತ್ತಾಯ್ತಾ?"

"ಇಲ್ಲ ಸರ್."

"ಹಾಗಾದ್ರೆ ಮುಚ್ಚಳ ಹಾಕಿ ಟೇಪ್ ಸುತ್ತು. ಗೊತ್ತಾಗೋವರೆಗೂ ಬಿಚ್ಚಬೇಡ."

ಸುತ್ತಿದೆ. ಅಲ್ಲಿಂದ ನಿಜವಾದ ಹುಡುಕಾಟ ಶುರುವಾಯಿತು. ಟರೆಟ್ ತಿರುಗಿಸಿದ ಪ್ರತಿ ಸಲವೂ ಹಿಂದಿನ ವಾರದ ಹಾಳೆಗೂ ಈ ವಾರದ ಹಾಳೆಗೂ ಇದ್ದ ಸಂಬಂಧ ನಾನೇ ಕಡಿದು ಹಾಕುತ್ತಿದ್ದೆ. ಏನು ಅಲುಗಿತು, ಎಷ್ಟು ಅಲುಗಿತು ಅಂತ ನೋಡಬೇಕಾದರೆ ಒಂದಾದರೂ ಅಲುಗದೆ ಇರಬೇಕಲ್ವಾ?

ಮೊದಲು ಒಂದು ವಿಷಯ ಬಿಡಿಸಿ ಹೇಳಬೇಕು. ಗುಂಪು ಚದುರುವುದು ಬೇರೆ, ಗುಂಪು ಜಾಗ ಬಿಡುವುದು ಬೇರೆ. ಪೆಲೆಟ್ ಸರಿಯಿಲ್ಲದಿದ್ದರೆ, ಕೈ ನಡುಗಿದರೆ, ಟ್ರಿಗರ್ ಎಳೆದುಬಿಟ್ಟರೆ ತೂತುಗಳು ಚದುರುತ್ತವೆ. ನನ್ನ ತೂತುಗಳು ಒತ್ತಾಗಿಯೇ ಇದ್ದವು, ಒಟ್ಟಾಗಿ ಬೇರೆ ಕಡೆ ಹೋಗುತ್ತಿದ್ದವು. ಇದನ್ನು ಮೂರು ತೂತು ನೋಡಿ ಹೇಳಲು ಆಗುವುದಿಲ್ಲ. ಮೂರೇ ಪೆಲೆಟ್ ಸುಮ್ನೆ ಅದೃಷ್ಟಕ್ಕೆ ಒಂದು ಕಡೆ ಬಿದ್ದಿರಬಹುದು. ಅದಕ್ಕೇ ಆಮೇಲಿನ ಎಲ್ಲ ಪರೀಕ್ಷೆಗೂ ಹತ್ತು ಪೆಲೆಟ್‌ನ ಗುಂಪು ಅಂತ ಗಟ್ಟಿ ಮಾಡಿಕೊಂಡೆ. ಒಂದು ಸಲಕ್ಕೆ ಒಂದೇ ಬದಲಾವಣೆ ಅಂತಲೂ.

ಸ್ಕ್ರೂಗಳಿಂದ ಶುರು ಮಾಡಿದೆ. ರೈಫಲ್ ಖಾಲಿ ಇದೆ ಅಂತ ಎರಡು ಸಲ ನೋಡಿ, ಅಲೆನ್ ಕೀ ಹಿಡಿದು ಹಿಂದಿನಿಂದ ಮುಂದಕ್ಕೆ ಒಂದೊಂದಾಗಿ ಮುಟ್ಟುತ್ತಾ ಹೋದೆ. ಮರದ ಹಿಡಿಯ ಮುಂಭಾಗದಲ್ಲಿ ಎಡಕ್ಕೊಂದು ಬಲಕ್ಕೊಂದು ಸ್ಕ್ರೂ ಇರುತ್ತವೆ. ಬಲಗಡೆಯದು ಕಾಲು ಸುತ್ತು ಸಡಿಲ. ಎಡಗಡೆಯದು ಇನ್ನೂ ಜಾಸ್ತಿ. ಸ್ಪ್ರಿಂಗ್ ರೈಫಲ್‌ನಲ್ಲಿ ಇದು ತೀರಾ ಸಾಮಾನ್ಯ. ಟ್ರಿಗರ್ ಒತ್ತಿದಾಗ ಒಳಗಿನ ಭಾರದ ಪಿಸ್ಟನ್ ಮುಂದಕ್ಕೆ ನುಗ್ಗುತ್ತದೆ, ರೈಫಲ್ ಹಿಂದಕ್ಕೆ ಜಗ್ಗುತ್ತದೆ. ಪಿಸ್ಟನ್ ತುದಿ ಮುಟ್ಟಿ ನಿಂತ ಕೂಡಲೇ ಇಡೀ ರೈಫಲ್ ಮುಂದಕ್ಕೆ ಜಿಗಿಯುತ್ತದೆ. ಎರಡೂ ಕಡೆ ಏಟು. ಸ್ಕ್ರೂ ಸಡಿಲವಾಗಲು ಇನ್ನೇನು ಬೇಕು! ಮದ್ದಿನ ರೈಫಲ್‌ನಲ್ಲಿ ಏಟು ಮುಖ್ಯವಾಗಿ ಒಂದೇ ಕಡೆಗೆ. ಅದಕ್ಕೆಂದೇ ಮಾಡಿದ ಒಳ್ಳೊಳ್ಳೆಯ ಸ್ಕೋಪ್‌ಗಳು ಕೂಡ ಸ್ಪ್ರಿಂಗ್ ರೈಫಲ್ ಮೇಲೆ ಬಿಚ್ಚಿಹೋಗುವುದಕ್ಕೆ ಈ ಮುಂದಿನ ಜಿಗಿತವೇ ಕಾರಣ.

ಸ್ಕ್ರೂ ತೆಗೆದು, ಎಣ್ಣೆ ಒರೆಸಿ, ನೀಲಿ ಬಣ್ಣದ ಥ್ರೆಡ್‌ಲಾಕರ್ (ಸ್ಕ್ರೂ ಸಡಿಲವಾಗದಂತೆ ಹಿಡಿಯುವ ಅಂಟು) ಒಂದು ಹನಿ ಹಾಕಿ ಬಿಗಿದೆ. ನೀಲಿಯದಾದರೆ ಬೇಕಾದಾಗ ಮಾಮೂಲಿ ಅಲೆನ್ ಕೀಯಿಂದಲೇ ಬಿಚ್ಚಬಹುದು. ತಲೆಯ ಮೇಲಿಂದ ಮರದವರೆಗೆ ನೇಲ್ ಪಾಲಿಶ್‌ನಿಂದ ಸಣ್ಣ ಗೆರೆ ಎಳೆದೆ. ಸ್ಕ್ರೂ ತಿರುಗಿದರೆ ಗೆರೆ ಮುರಿದು ಕಾಣುತ್ತದೆ. ಗುಂಪು ಇನ್ನಷ್ಟು ಒತ್ತಾಯಿತು. ಆದರೆ ಜಾಗ ಬಿಡುವುದು ನಿಲ್ಲಲಿಲ್ಲ.

ಆಮೇಲೆ ಮೌಂಟ್, ಅಂದರೆ ಸ್ಕೋಪನ್ನು ರೈಫಲ್‌ಗೆ ಹಿಡಿದಿಡುವ ಭಾಗ. ರೈಫಲ್ ಮೇಲೆ 11 ಮಿಲಿಮೀಟರ್‌ನ ಡವ್‌ಟೇಲ್ ಹಳಿ ಇದೆ. ಮೌಂಟ್‌ನ ಕಾಲು ಅದನ್ನು ಎರಡೂ ಬದಿಯಿಂದ ಕಚ್ಚಿ ಹಿಡಿಯಬೇಕು. ರೈಫಲ್ ಮುಂದಕ್ಕೆ ಜಿಗಿದಾಗ ಸ್ಕೋಪ್ ಇದ್ದಲ್ಲೇ ಉಳಿಯಲು ನೋಡುತ್ತದೆ, ಹಾಗಾಗಿ ಮೌಂಟ್ ನಿಧಾನಕ್ಕೆ ಹಿಂದಕ್ಕೆ ಜಾರುತ್ತದೆ. ಅದನ್ನು ತಡೆಯಲು ಮೌಂಟ್‌ನ ಅಡಿಯಲ್ಲಿ ಒಂದು ಗಿಡ್ಡ ಪಿನ್ ಇರುತ್ತದೆ, ರೈಫಲ್ ಮೇಲಿನ ತೂತಿನೊಳಗೆ ಇಳಿಸಿಕೊಳ್ಳಬೇಕು. ನನ್ನ ಪಿನ್ ತೂತಿಗೆ ಇಳಿದೇ ಇರಲಿಲ್ಲ. ತೂತಿನ ಪಕ್ಕದಲ್ಲಿ ಕಪ್ಪು ಬಣ್ಣ ಕೆರೆದು ಬೆಳ್ಳಗೆ ಹೊಳೆಯುವ ಗೀರು ಇತ್ತು, ಅಕ್ಕಿಕಾಳಿನ ಉದ್ದ. ಇಷ್ಟು ದಿನ ಪಿನ್ ಅಲ್ಲಿ ಉಜ್ಜುತ್ತಾ ಹಿಂದಕ್ಕೆ ಬಂದಿದ್ದಕ್ಕೆ ಆ ಗೀರೇ ಸಾಕ್ಷಿ.

ಸ್ಕೋಪ್ ಬಿಚ್ಚಿ ಕೊಳವೆ ನೋಡಿದೆ. ಕೊಳವೆಯನ್ನು ಸುತ್ತಿ ಹಿಡಿಯುವ ಮೌಂಟ್‌ನ ರಿಂಗ್ ಕೂತಿದ್ದ ಜಾಗದಲ್ಲಿ ಮೇಲುಗಡೆ ತೆಳುವಾದ ಅಚ್ಚು ಮೂಡಿತ್ತು. ಬೆರಳು ಸವರಿದರೆ ತಿಳಿಯುವುದಿಲ್ಲ, ಬೆಳಕಿಗೆ ಓರೆಯಾಗಿ ಹಿಡಿದರೆ ಕಾಣುತ್ತದೆ. ಅದು ನಾನು ಜಾಸ್ತಿ ಬಿಗಿದದ್ದರ ಗುರುತು. ಜಾರಬಾರದು ಅಂತ ಬಿಗಿಯುತ್ತೇವೆ, ಆದರೆ ಕೊಳವೆ ಅಲ್ಯೂಮಿನಿಯಂ. ಹಿಸುಕಿದರೆ ಒಳಗೆ ಓಡಾಡಬೇಕಾದ ಭಾಗಗಳು ಸಿಕ್ಕಿಹಾಕಿಕೊಳ್ಳುತ್ತವೆ. ಆಗ ಟರೆಟ್ ತಿರುಗಿಸಿದ ಕೂಡಲೇ ರೆಟಿಕಲ್ (ಸ್ಕೋಪ್‌ನೊಳಗೆ ಕಾಣುವ ಗುರಿಗೆರೆ) ಕದಲುವುದಿಲ್ಲ, ಎರಡು ಮೂರು ಪೆಲೆಟ್‌ನ ಏಟು ಬಿದ್ದ ಮೇಲೆ ತಟ್ಟನೆ ಜರುಗುತ್ತದೆ. ರಿಂಗ್ ಮುಚ್ಚಳದ ಸ್ಕ್ರೂಗೆ ಸಾಮಾನ್ಯವಾಗಿ ಹೇಳುವುದು 15ರಿಂದ 18 ಇಂಚು-ಪೌಂಡ್, ಅಂದರೆ ಹೆಚ್ಚೆಂದರೆ 2 ನ್ಯೂಟನ್-ಮೀಟರ್. ಅಲೆನ್ ಕೀಯ ಗಿಡ್ಡ ತುದಿಯನ್ನು ಎರಡು ಬೆರಳಲ್ಲಿ ಹಿಡಿದು ತಿರುಗಿಸಿದಷ್ಟು. ಬಿಗಿತ ಅಳೆಯುವ ಕ್ಲಬ್‌ನ ಟಾರ್ಕ್ ಡ್ರೈವರ್‌ನಲ್ಲಿ ಬಿಗಿದು ನೋಡಿದಾಗ ನನಗೆ ಗಾಬರಿಯಾಯಿತು. ಇಷ್ಟು ಕಡಿಮೆಯಾ! ನಾನು ಅದರ ದುಪ್ಪಟ್ಟು ಬಿಗಿಯುತ್ತಿದ್ದೆ ಅನಿಸುತ್ತದೆ.

ಕೊಳವೆ, ರಿಂಗ್‌ನ ಒಳಮೈ ಎರಡನ್ನೂ ಸ್ಪಿರಿಟ್‌ನಲ್ಲಿ ಒರೆಸಿದೆ. ಎಣ್ಣೆಯ ಪಸೆ ಇದ್ದರೆ ಎಷ್ಟು ಬಿಗಿದರೂ ಹಿಡಿತ ಸಿಗುವುದಿಲ್ಲ. ಪಿನ್ ತೂತಿಗೆ ಇಳಿಸಿದೆ. ನಾಲ್ಕು ಸ್ಕ್ರೂಗಳನ್ನು ಮೂಲೆಯಿಂದ ಎದುರು ಮೂಲೆಗೆ, ಸ್ವಲ್ಪ ಸ್ವಲ್ಪವೇ, ಎರಡೂ ಬದಿಯ ಸಂದು ಒಂದೇ ಸಮ ಇರುವಂತೆ ಬಿಗಿದೆ. ರಿಂಗ್ ಸ್ಕ್ರೂಗೆ ಮಾತ್ರ ಥ್ರೆಡ್‌ಲಾಕರ್ ಹಾಕಲಿಲ್ಲ. ಅದು ಒದ್ದೆ ಇರುವಾಗ ಸ್ಕ್ರೂ ಜಾರಿಕೊಂಡು ಹೋಗುತ್ತದೆ, ಟಾರ್ಕ್ ಅಂಕಿ ಸರಿ ತೋರಿಸಿದರೂ ನಿಜವಾದ ಬಿಗಿತ ಜಾಸ್ತಿಯಾಗಿರುತ್ತದೆ. ರಿಂಗ್ ಅಂಚಿನ ಪಕ್ಕ ಕೊಳವೆಯ ಮೇಲೆ ಪೆನ್ಸಿಲ್ ಗೆರೆ ಎಳೆದೆ.

ಇಷ್ಟು ಸಣ್ಣದಕ್ಕೆ ಇಷ್ಟೊಂದು ಯಾಕೆ ಅಂತ ಕೇಳಬಹುದು. ಲೆಕ್ಕ ನೋಡಿ. ನನ್ನ ಎರಡು ರಿಂಗ್ ನಡುವಿನ ಅಂತರ 100 ಮಿಲಿಮೀಟರ್. ಹಿಂದಿನ ರಿಂಗ್ 0.1 ಮಿಲಿಮೀಟರ್ ಎದ್ದರೆ ಸಾಕು, ಒಂದು ಕಾಗದದ ದಪ್ಪ, 25 ಮೀಟರ್ ದೂರದಲ್ಲಿ ಅದು 25 ಮಿಲಿಮೀಟರ್. ಹೆಚ್ಚು ಕಡಿಮೆ ನನ್ನ ಗುಂಪು ಜರುಗಿದಷ್ಟೇ.

ಹಾಗಾಗಿ ಈ ಸಲ ಸರಿಹೋಯಿತು ಅಂತಲೇ ನಂಬಿದ್ದೆ. ಮೊದಲ ಇಪ್ಪತ್ತು ಪೆಲೆಟ್ ಒಂದೇ ಕಡೆ ಬಿದ್ದವು. ಮೂವತ್ತರ ಹತ್ತಿರ ಬರುತ್ತಾ ಮತ್ತೆ ಕೆಳಗೆ. ಪೆನ್ಸಿಲ್ ಗೆರೆ ಇದ್ದಲ್ಲೇ ಇತ್ತು. ನೇಲ್ ಪಾಲಿಶ್ ಮುರಿದಿರಲಿಲ್ಲ. ಆದರೆ ಒಂದು ಬದಲಾವಣೆ ಆಗಿತ್ತು. ಬಲಕ್ಕೆ ಹೋಗುವುದು ನಿಂತಿತ್ತು. ಈಗ ಬರೀ ಮೇಲೆ ಕೆಳಗೆ.

ಪ್ಯಾರಲಾಕ್ಸ್ ಅನುಮಾನವೂ ಬಂತು. ರೈಫಲನ್ನು ಮರಳಿನ ಚೀಲದ ಮೇಲೆ ಅಲುಗದಂತೆ ಇಟ್ಟು, ಕೈ ಬಿಟ್ಟು, ಸ್ಕೋಪ್‌ನಲ್ಲಿ ನೋಡುತ್ತಾ ತಲೆ ಮಾತ್ರ ಮೇಲೆ ಕೆಳಗೆ ಆಡಿಸಿದೆ. ರೆಟಿಕಲ್ ಗುರಿಯ ಮೇಲೆ ಈಜಾಡಿದರೆ ಪ್ಯಾರಲಾಕ್ಸ್ ಇದೆ ಅಂತ ಅರ್ಥ. ಸ್ವಲ್ಪ ಈಜಾಡಿತು. ಮುಂದಿನ ಗಾಜಿನ ಸುತ್ತಲಿನ ಉಂಗುರದಲ್ಲಿ 25 ಅಂತ ಬರೆದ ಜಾಗಕ್ಕೆ ಇಟ್ಟಿದ್ದೆ. ಇನ್ನಷ್ಟು ಈಚೆಗೆ ತಿರುಗಿಸಿದ ಮೇಲೆ ನಿಂತಿತು. ಉಂಗುರದ ಮೇಲಿನ ಅಂಕಿಗಿಂತ ನಿಮ್ಮ ಕಣ್ಣನ್ನೇ ನಂಬಿ. ಆದರೂ ಆ ಈಜಾಟ ಕೆಲವೇ ಮಿಲಿಮೀಟರ್. ಮೂರು ಸೆಂಟಿಮೀಟರ್‌ಗೆ ಅದು ಉತ್ತರವಲ್ಲ.

ಹಿಡಿಯುವ ರೀತಿಯನ್ನೂ ನೋಡಿದೆ. ಸ್ಪ್ರಿಂಗ್ ರೈಫಲ್ ಗಟ್ಟಿ ಮೇಜಿನ ಮೇಲೆ ಒಂದು ಕಡೆ ಹೊಡೆಯುತ್ತದೆ, ಅಂಗೈ ಮೇಲೆ ಸಡಿಲವಾಗಿ ಇಟ್ಟರೆ ಇನ್ನೊಂದು ಕಡೆ. ಪೆಲೆಟ್ ಬ್ಯಾರೆಲ್‌ನಲ್ಲಿ ಇರುವಾಗಲೇ ರೈಫಲ್ ಅಲುಗುತ್ತಿರುತ್ತದೆ, ಹಿಡಿತ ಬದಲಾದರೆ ಆ ಅಲುಗಾಟವೂ ಬದಲಾಗುತ್ತದೆ. ಅಂಗೈ ಇಡುವ ಜಾಗಕ್ಕೆ ಮರದ ಮೇಲೆ ಟೇಪ್ ತುಂಡು ಅಂಟಿಸಿ, ಪ್ರತಿ ಸಲ ಅಲ್ಲೇ ಇಟ್ಟು ಹೊಡೆದೆ. ಫಲ ಸಿಗಲಿಲ್ಲ.

ಇಷ್ಟಾದ ಮೇಲೆ ಸ್ಕೋಪೇ ಕೆಟ್ಟಿದೆ ಅಂತ ತೀರ್ಮಾನಿಸಿದೆ. ಅದನ್ನು ಬಿಚ್ಚಿ ಕ್ಲಬ್‌ನ ಪಿಸಿಪಿ ರೈಫಲ್ ಮೇಲೆ ಕೂರಿಸಿದೆ. ಪಿಸಿಪಿ ಅಂದರೆ ಸಿಲಿಂಡರ್‌ನಲ್ಲಿ ಮೊದಲೇ ಒತ್ತಿಟ್ಟ ಗಾಳಿಯಿಂದ ಹೊಡೆಯುವುದು. ಅರವತ್ತು ಪೆಲೆಟ್ ಹೊಡೆದೆ, ಗುಂಪು ಕದಲಲೇ ಇಲ್ಲ. "ಸರ್, ಸ್ಕೋಪ್ ಸರಿಯಾಗಿದೆ" ಅಂದೆ.

"ಆ ರೈಫಲ್ ಜಗ್ಗೋದೇ ಇಲ್ವಲ್ಲಮ್ಮಾ. ಏಟು ಬೀಳದೆ ನಿಂತಿದೆ ಅಂದ್ರೆ ಏನು ಗೊತ್ತಾದ ಹಾಗಾಯ್ತು?"

ನಿಜ. ಪರೀಕ್ಷೆ ಮಾಡಬೇಕಾದ್ದು ಏಟು ಬೀಳುವ ಕಡೆ. ಹಾಗಾಗಿ ತಿರುಗುಮುರುಗು ಮಾಡಿದೆವು. ಸ್ಪ್ರಿಂಗ್ ರೈಫಲ್‌ನ ಏಟು ತಡೆಯುತ್ತದೆ ಅಂತ ಗೊತ್ತಿದ್ದ ಕ್ಲಬ್‌ನ ಇನ್ನೊಂದು ಸ್ಕೋಪನ್ನು ನನ್ನ ರೈಫಲ್‌ಗೆ, ನನ್ನದೇ ಮೌಂಟ್‌ನಲ್ಲಿ ಹಾಕಿದೆವು. ಝೀರೋ ಮಾಡಿದೆ. ನಲವತ್ತನೇ ಪೆಲೆಟ್ ಹೊತ್ತಿಗೆ ಅದೂ ಕೆಳಗೆ ಹೋಯಿತು!

ನನಗೆ ಆ ಹಾಳೆ ನೋಡಿ ಮಾತೇ ಹೊರಡಲಿಲ್ಲ. ಎರಡು ಸ್ಕೋಪ್ ಒಟ್ಟಿಗೆ ಕೆಡುವುದುಂಟಾ? ಹಾಗಾದರೆ ರೈಫಲ್‌ನದೇ ತಪ್ಪಿರಬೇಕು. ಬ್ಯಾರೆಲ್ ಮಡಚುವ ಕೀಲು ನೋಡಿದೆ. ಪಕ್ಕಕ್ಕೆ ಎಳೆದರೆ ಆಟವಿಲ್ಲ. ಮುಚ್ಚಿದಾಗ ಗಟ್ಟಿಯಾಗಿ ಕೂರುತ್ತದೆ. ಆಗ ಆ ಹಿರಿಯರು ಹೇಳಿದ್ದು ಇಡೀ ಹುಡುಕಾಟದಲ್ಲೇ ಅತಿ ಸರಳವಾದ ಪರೀಕ್ಷೆ. ಸ್ಕೋಪ್ ತೆಗೆದುಬಿಡು, ಕಬ್ಬಿಣದ ಸೈಟ್‌ನಲ್ಲೇ ಹೊಡಿ. ಹೊಡೆದೆ. ಗುಂಪು ದೊಡ್ಡದಾಯಿತು, ಬರಿಗಣ್ಣಲ್ಲಿ ಅಷ್ಟೇ ಸಾಧ್ಯ. ಆದರೆ ಹತ್ತು ಹತ್ತರಂತೆ ಆರು ಗುಂಪು, ಆರರ ನಡುವೂ ಒಂದೇ ಜಾಗ. ಬ್ಯಾರೆಲ್ ಸರಿಯಾಗಿದೆ, ಎಲ್ಲಿ ಹೊಡೆಯಬೇಕೋ ಅಲ್ಲೇ ಹೊಡೆಯುತ್ತಿದೆ. ನಿಮ್ಮ ರೈಫಲ್‌ಗೆ ಕಬ್ಬಿಣದ ಸೈಟ್ ಇದ್ದರೆ ಇದನ್ನೇ ಮೊದಲು ಮಾಡಿ. ನಾನು ಮೊದಲೇ ಮಾಡಿದ್ದರೆ ಎರಡು ಭಾನುವಾರ ಉಳಿಯುತ್ತಿತ್ತು.

ರೈಫಲ್ ಸರಿ. ಸ್ಕ್ರೂ ಸರಿ. ಸ್ಕೋಪ್ ಬದಲಾದರೂ ಅದೇ ತೊಂದರೆ. ಉಳಿದದ್ದೇನು?

ಅವತ್ತು ರಾತ್ರಿ ನೋಟ್‌ಬುಕ್ ತೆರೆದು ಕೂತೆ. ಮೇಲೆ 16, ಕೆಳಗೆ 9, ಮೇಲೆ 12, ಮೇಲೆ 8. ಕೂಡಿ ಕಳೆದರೆ 27 ಕ್ಲಿಕ್ ಮೇಲಕ್ಕೆ ಹೋಗಿದ್ದೇನೆ. ಎಲ್ಲಿಂದ ಎಲ್ಲಿಗೆ? ಅದನ್ನು ಬರೆದೇ ಇರಲಿಲ್ಲ. ಟೇಪ್ ಬಿಚ್ಚಿದೆ. ಎಣಿಸುತ್ತಾ ಮೇಲಕ್ಕೆ ತಿರುಗಿಸಿದೆ. 11 ಕ್ಲಿಕ್‌ಗೆ ತುದಿ ಮುಟ್ಟಿತು. ಕೊನೆಯ ನಾಲ್ಕೈದು ಕ್ಲಿಕ್ ಬೆರಳಿಗೆ ಹಿಟ್ಟಿನ ಹಾಗೆ ಮೆತ್ತಗಿದ್ದವು, ಟಕ್ ಟಕ್ ಅಂತ ತಿಳಿಯುತ್ತಿರಲಿಲ್ಲ. ಅಲ್ಲಿಂದ ಕೆಳಗಿನ ತುದಿಯವರೆಗೆ ಮೆಲ್ಲಗೆ, ಒತ್ತಡ ಹಾಕದೆ ಎಣಿಸಿದೆ. 232. ನಡು ಅಂದರೆ 116. ನಾನು ನಿಂತಿದ್ದದ್ದು 221ರಲ್ಲಿ.

ಸ್ಕೋಪ್‌ನ ಒಳಗೆ ಇನ್ನೊಂದು ಸಣ್ಣ ಕೊಳವೆ ಇದೆ. ಎರೆಕ್ಟರ್ ಅಂತಾರೆ. ರೆಟಿಕಲ್ ಇರುವುದು ಅದರ ಜೊತೆ. ಟರೆಟ್‌ನ ಸ್ಕ್ರೂ ಮೇಲಿಂದ ಅದನ್ನು ಒತ್ತುತ್ತದೆ, ಎದುರುಗಡೆಯಿಂದ ಒಂದು ಸ್ಪ್ರಿಂಗ್ ಅದನ್ನು ಸ್ಕ್ರೂಗೆ ಒತ್ತಿ ಹಿಡಿದಿರುತ್ತದೆ. ಒಳಕೊಳವೆಯನ್ನು ಸ್ಕ್ರೂಗೆ ಕಟ್ಟಿಹಾಕಿರುವುದಿಲ್ಲ. ಅದು ಬರೀ ಸ್ಪ್ರಿಂಗ್‌ನ ಬಲದಲ್ಲಿ ಅಂಟಿಕೊಂಡು ಕೂತಿರುತ್ತದೆ. ಮೇಲಕ್ಕೆ ಕ್ಲಿಕ್ ಮಾಡಿದಷ್ಟೂ ಸ್ಕ್ರೂ ಹೊರಗೆ ಬರುತ್ತದೆ, ಸ್ಪ್ರಿಂಗ್ ಚಾಚಿಕೊಳ್ಳುತ್ತದೆ, ಅದರ ಒತ್ತು ಕಡಿಮೆಯಾಗುತ್ತದೆ. ತುದಿಯ ಹತ್ತಿರ ಹೋದಾಗ ಸುಮ್ನೆ ಆತುಕೊಂಡಿರುತ್ತದೆ ಅಷ್ಟೇ. ಆಗ ಏಟು ಬಿದ್ದರೆ ಒಳಕೊಳವೆ ಕೆಳಗೆ ಕುಸಿದು ಅಲ್ಲೇ ನಿಲ್ಲುತ್ತದೆ. ಗುಂಪು ಕೆಳಗೆ ಹೋಗುತ್ತದೆ. ಇನ್ನೊಂದು ಏಟಿಗೆ ಮತ್ತೆ ಮೇಲೆದ್ದು ಸ್ಕ್ರೂ ಮುಟ್ಟಬಹುದು. ಆಗ ಗುಂಪು ಮೇಲೆ.

ಇದನ್ನು ಅರ್ಥ ಮಾಡಿಕೊಂಡಾಗ ಆ 27 ಕ್ಲಿಕ್ ಬೇರೆಯೇ ಆಗಿ ಕಂಡವು. ಗುಂಪು ಕೆಳಗೆ ಹೋದಾಗಲೆಲ್ಲ ನಾನು ಮೇಲಕ್ಕೆ ತಿರುಗಿಸುತ್ತಿದ್ದೆ. ಮೇಲಕ್ಕೆ ತಿರುಗಿಸಿದಾಗಲೆಲ್ಲ ಸ್ಪ್ರಿಂಗ್ ಇನ್ನಷ್ಟು ಸಡಿಲ. ತೊಂದರೆಯನ್ನು ಸರಿಮಾಡುವ ಕೈಯೇ ಅದನ್ನು ಹೆಚ್ಚು ಮಾಡುತ್ತಿತ್ತು.

ಅಷ್ಟು ಮೇಲೆ ಹೋಗುವ ಅಗತ್ಯ ಯಾಕೆ ಬಂತು? ಬ್ಯಾರೆಲ್ ಮಡಚುವ ರೈಫಲ್‌ಗಳಲ್ಲಿ ಎಷ್ಟೋ ಸಲ ಬ್ಯಾರೆಲ್ ಡವ್‌ಟೇಲ್ ಹಳಿಗೆ ಸಮಾನಾಂತರವಾಗಿ ಇರುವುದಿಲ್ಲ, ಮೂತಿ ಸ್ವಲ್ಪ ಕೆಳಗೆ ಬಗ್ಗಿರುತ್ತದೆ. ಕಬ್ಬಿಣದ ಸೈಟ್‌ಗೆ ಇದರಿಂದ ತೊಂದರೆಯಿಲ್ಲ, ಸಾಮಾನ್ಯವಾಗಿ ಎರಡೂ ಸೈಟ್ ಬ್ಯಾರೆಲ್ ಮೇಲೆಯೇ ಇರುತ್ತವಲ್ಲ. ಸ್ಕೋಪ್ ಕೂರುವುದು ಹಿಂದಿನ ಹಳಿಯ ಮೇಲೆ. ಬ್ಯಾರೆಲ್ ಬಗ್ಗಿರುವುದು ಅದಕ್ಕೆ ತಿಳಿಯುವುದಿಲ್ಲ. ಆ ವ್ಯತ್ಯಾಸವನ್ನೆಲ್ಲ ಟರೆಟ್‌ನಿಂದಲೇ ತುಂಬಿಸುತ್ತೇವೆ. ಕ್ಲಬ್‌ನ ಸ್ಕೋಪ್ ಕೂಡ ಅದಕ್ಕೇ ಜಾರಿತ್ತು. ಬಿಚ್ಚಿ ಎಣಿಸಿದಾಗ ಅದೂ ಮೇಲಿನ ತುದಿಯ ಹತ್ತಿರವೇ ಇತ್ತು.

ಹಿಂದಿನ ರಿಂಗ್ ಅಡಿಗೆ ತೆಳು ತಗಡು ಹಾಕುವವರಿದ್ದಾರೆ. ಒಂದು ತುಂಡು ಸಾಕಾಗುವಷ್ಟು ಕಡಿಮೆ ವ್ಯತ್ಯಾಸವಾದರೆ ನಡೆಯುತ್ತದೆ. ನನ್ನದಕ್ಕೆ ಅರ್ಧ ಮಿಲಿಮೀಟರ್‌ಗೂ ಜಾಸ್ತಿ ಬೇಕಿತ್ತು. ಅಷ್ಟು ಎತ್ತರಿಸಿ ಬಿಗಿದರೆ ಎರಡು ರಿಂಗ್ ಒಂದೇ ಸಾಲಿನಲ್ಲಿ ಉಳಿಯುವುದಿಲ್ಲ, ಕೊಳವೆ ನಡುವೆ ಬಾಗುತ್ತದೆ. ಮೊದಲೇ ಅಚ್ಚು ಬಿದ್ದ ಕೊಳವೆಗೆ ಅದನ್ನು ಮಾಡಲು ಮನಸ್ಸು ಬರಲಿಲ್ಲ. ಹಿಂಭಾಗ ಎತ್ತರ ಇರುವಂತೆ ಓರೆಯಾಗಿಯೇ ಕೊರೆದ, ಎರಡೂ ರಿಂಗ್ ಒಂದೇ ತುಂಡಿನಲ್ಲಿರುವ ಮೌಂಟ್ ತರಿಸಿದೆ.

ಕೂರಿಸುವ ಮೊದಲು ಸ್ಕೋಪನ್ನು ನಡುವಿಗೆ ತಂದೆ. ಇದನ್ನು ಕನ್ನಡಿಯಲ್ಲಿ ಮಾಡುವುದು ನನಗೆ ತುಂಬಾ ಇಷ್ಟವಾಯಿತು. ಝೂಮ್ ಕಡಿಮೆ ಇಟ್ಟು, ಮುಂದಿನ ಗಾಜಿನ ಅಂಚನ್ನು ಕನ್ನಡಿಗೆ ಚಪ್ಪಟೆಯಾಗಿ ಒತ್ತಿ ಹಿಡಿದು ಹಿಂದಿನಿಂದ ನೋಡಿದರೆ ಎರಡು ರೆಟಿಕಲ್ ಕಾಣುತ್ತವೆ. ಒಂದು ಗಾಢ, ಒಂದು ಮಸುಕಾದ ನೆರಳು. ಟರೆಟ್ ತಿರುಗಿಸುತ್ತಾ ಹೋದರೆ ನೆರಳು ಹತ್ತಿರ ಬರುತ್ತದೆ. ಕೊನೆಗೆ ಗೆರೆಯ ಮೇಲೆ ಗೆರೆ ಕೂತು ನೆರಳು ಮಾಯವಾಗುತ್ತದೆ. ಕಿಟಕಿ ಬೆಳಕಲ್ಲಿ ಕನ್ನಡಿ ಇಟ್ಟುಕೊಂಡು ಅದನ್ನು ಮೂರು ಸಲ ಮಾಡಿದೆ, ಬೇಕಾಗಿದ್ದು ಒಂದೇ ಸಲವಾದರೂ.

ಹೊಸ ಮೌಂಟ್, ಇಳಿಸಿದ ಪಿನ್, ಒರೆಸಿದ ರಿಂಗ್, ಅಳೆದು ಬಿಗಿದ ಸ್ಕ್ರೂ. ಝೀರೋ ಬಂದದ್ದು 118ನೇ ಕ್ಲಿಕ್‌ನಲ್ಲಿ, ನಡುವಿನಿಂದ ಎರಡೇ ಕ್ಲಿಕ್ ದೂರ. ಈ ಸಲ ಅದನ್ನೂ ಬರೆದಿಟ್ಟೆ, ತುದಿಯಿಂದ ಎಷ್ಟು ಅಂತ. ಅವತ್ತು ನೂರು ಪೆಲೆಟ್ ಹೊಡೆದೆ, ಹತ್ತು ಹಾಳೆಯಲ್ಲಿ. ಹತ್ತನ್ನೂ ಒಂದರ ಮೇಲೊಂದು ಇಟ್ಟು ಬೆಳಕಿಗೆ ಹಿಡಿದರೆ ಒಂದೇ ಕಡೆ ಬೆಳಕು ತೂರಿ ಬಂತು. ಆಮೇಲಿನ ಮೂರು ವಾರವೂ ಹಾಗೇ ಇದೆ. ಬಟ್ಟೆ ಹಾಕಿ ಬ್ಯಾರೆಲ್ ಒರೆಸಿದ ದಿನ ಮಾತ್ರ ಮೊದಲ ನಾಲ್ಕೈದು ಪೆಲೆಟ್ ಸ್ವಲ್ಪ ಆಚೀಚೆ ಹೋಗುತ್ತವೆ, ಆಮೇಲೆ ತಾವೇ ಬಂದು ಸೇರುತ್ತವೆ. ಅದಕ್ಕೆ ಟರೆಟ್ ಮುಟ್ಟುವುದಿಲ್ಲ.

ಕ್ಲಬ್‌ನ ಸ್ಕೋಪನ್ನು ಅದರ ರೈಫಲ್ ಮೇಲೆ ವಾಪಸ್ ಕೂರಿಸಿ, ಝೀರೋ ಮಾಡಿ, ಹತ್ತು ಪೆಲೆಟ್ ಹೊಡೆದ ಹಾಳೆಯನ್ನು ಪೆಟ್ಟಿಗೆಯೊಳಗೆ ಮಡಚಿ ಇಟ್ಟೆ. ಹಾಳೆಯ ಹಿಂದೆ ಕೆಳಗಿನ ತುದಿಯಿಂದ ಎಷ್ಟನೇ ಕ್ಲಿಕ್ ಅಂತ ಬರೆದಿದ್ದೇನೆ. ಮುಂದೆ ಅದನ್ನು ಎತ್ತಿಕೊಳ್ಳುವವರಿಗೆ ಬೇಕಾಗಬಹುದು.